ಆ ನೀಲಿ ಡ್ರಮ್ಮು ನನ್ನದು

ಸದಾನಂದ, ಅಪ್ಪಣೆ ಕೊಟ್ಟವನು ನಾನು. ಡ್ರಮ್ಮು ಕೂಡ ನನ್ನದೇ. ಅಂದು ಸಭೆಯಲ್ಲಿ "ನನಗೇನೂ ಗೊತ್ತಿಲ್ಲ" ಎಂದದ್ದು ಶುದ್ಧ ಸುಳ್ಳು — ಸಂಘದ ಕಾರ್ಯದರ್ಶಿಯಾಗಿ ನಾನು ತಡವರಿಸದೆ ಆಡಿದ ಒಂದೇ ಮಾತು ಅದು.

ದಿಲ್ಲಿಯಲ್ಲಿ, ರೋಹಿಣಿ ಬಡಾವಣೆಯಾಚೆ ನೀನು ಮೀನು ಸಾಕಲು ಕೊಳ ಗುತ್ತಿಗೆ ಹಿಡಿದಿದ್ದ ಕಾಲ. ನಮ್ಮ ಕನ್ನಡ ಸಂಘದ ರಾಮನವಮಿ ಊಟದಲ್ಲಿ ಮಿಕ್ಕ ಅನ್ನ, ಹುಳಿ, ಪಾಯಸ ಕೇಳಿಕೊಂಡು ಬಂದೆ. ಅದರಲ್ಲಿ ಹುಳು ಬೆಳೆಸಿ, ಒಣಗಿಸಿ, ತೌಡಿನೊಂದಿಗೆ ಅರೆದರೆ ಮೀನಿಗೆ ಮೇವು.

"ಸಮುದ್ರದ ಮೀನನ್ನ ಪುಡಿ ಮಾಡಿ ಕೊಳದ ಮೀನಿಗೆ ತಿನ್ನಿಸೋದು ಯಾವ ಸೀಮೆ ನ್ಯಾಯ ಸಾರ್?" ಅಂದೆ.

ನಾನು ಮೀನು ಮುಟ್ಟದ ವಂಶದವನು, ಆದರೂ ಪೀಠಸ್ಥನಂತೆ ತೀರ್ಪಿತ್ತೆ: "ಕ್ಷೇತ್ರಗಳಲ್ಲಿ ಮೀನಿಗೆ ಮಂಡಕ್ಕಿ ಹಾಕಲ್ವೇನಯ್ಯ? ಇದೂ ಅದೇ ಪುಣ್ಯ. ಚಲೋ, ತೊಗೊಂಡು ಹೋಗು." ನಲ್ಲಿ ಬಾರದ ದಿನಕ್ಕೆಂದು ಬಾಲ್ಕನಿಯಲ್ಲಿ ನೀರು ತುಂಬಿಡುತ್ತಿದ್ದ ಡ್ರಮ್ಮನ್ನೂ ಕೊಟ್ಟೆ. ನಡುವೆ ಹುಳುವೊಂದು ಬರುತ್ತದಲ್ಲ — ಧರ್ಮಶಾಸ್ತ್ರದ ಆ ಸೂಕ್ಷ್ಮ ನನಗೆ ಹೊಳೆಯಲಿಲ್ಲ.

ಅಧ್ಯಕ್ಷರಿಗೆ ಹೊಳೆಯಿತು. ಮಿಕ್ಕದ್ದನ್ನು ತುಂಬಿ ನೀನು ಸಭಾಂಗಣದ ಹಿತ್ತಲಲ್ಲೇ ಇಟ್ಟಿದ್ದ ಡ್ರಮ್ಮಿನ ಮುಚ್ಚಳ ತೆಗೆದವರೇ ಸಭೆ ಕರೆದರು.

"ರಾಮದೇವರ ಪ್ರಸಾದಕ್ಕೆ ಹುಳ ಬಿಟ್ಟಿದೀಯಲ್ಲಯ್ಯ! ಯಾರನ್ನ ಕೇಳಿ ಬಿಟ್ಟೆ?"

ನೀನು ನನ್ನ ಮುಖ ನೋಡಿದೆ. ನನ್ನ ಕುರ್ಚಿ ಗೋಡೆಗೆ ಒತ್ತಿತ್ತು, ಬಾಗಿಲು ಅಧ್ಯಕ್ಷರ ಬೆನ್ನ ಹಿಂದೆ. ಅವರ ಮಗನಿಗೂ ನನ್ನ ಮಗಳಿಗೂ ಮದುವೆಯ ಮಾತುಕತೆ ನಡೆದಿತ್ತು — ಅದನ್ನು ಹೇಳಿ ಪಾರಾಗುವ ಉದ್ದೇಶವಿಲ್ಲ. ಅಂತೂ, ನನಗೇನೂ ಗೊತ್ತಿಲ್ಲ ಅಂದೆ. "ಆ ಡ್ರಮ್ಮು ಇವರದೇ" ಎಂದು ನೀನು ಬೆರಳು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ.

ಸಂಘದ ಬಾಗಿಲು ನಿನಗೆ ಮುಚ್ಚಿತು. ಮಿಕ್ಕ ಅನ್ನ ನಿಂತಿತು, ಹುಳು ಸತ್ತವು, ಮೀನು ಸೊರಗಿದವು. ಕೊಳ ಬಿಟ್ಟುಕೊಟ್ಟು ನೀನು ಗುರ್ಗಾಂವ್‌ನ ಯಾವುದೋ ಆಫೀಸಿನ ಕ್ಯಾಂಟೀನಿಗೆ ಸೇರಿದೆಯಂತೆ. ಅಧ್ಯಕ್ಷರು ನನ್ನ ಬೀಗರಾದರು. ಅಂದಿನಿಂದ ಪ್ರತಿ ಊಟದಲ್ಲೂ ಅವರ ಪಕ್ಕದ ಎಲೆ ನನ್ನದು. ಎದ್ದು ಹೋಗುವ ಹಾಗಿಲ್ಲ. ಮಿಕ್ಕದ್ದು ಈಗ ರಸ್ತೆಬದಿಯ ತೊಟ್ಟಿಗೆ ಹೋಗುತ್ತದೆ. ಅಲ್ಲಿ ಹುಳುಗಳು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಹೋಗುವ ಮುನ್ನ ನೀನು ಡ್ರಮ್ಮನ್ನು ಉಜ್ಜಿ ತೊಳೆದು ನನ್ನ ಬಾಗಿಲಲ್ಲಿಟ್ಟಿದ್ದೆ. ಬೆಲ್ ಕೂಡ ಒತ್ತಲಿಲ್ಲ. ಇಂದಿಗೂ ನನ್ನ ಸ್ನಾನ, ಸಂಧ್ಯಾವಂದನೆ ಎರಡೂ ಅದರ ನೀರಿನಲ್ಲೇ —

ಈ ರಾಮನವಮಿಗೆ ಅದನ್ನು ಹೊತ್ತೊಯ್ದು ಸಭಾಂಗಣದ ನಡುವೆ ಇಡುತ್ತೇನೆ. ಇದು ಯಾರದ್ದೆಂದು ಬೀಗರು ಕೇಳಿಯೇ ಕೇಳುತ್ತಾರೆ.