ನಾಲ್ಕೂವರೆ ಬೈ ಮೂರು ಇಂಚಿನ ಹೊಟ್ಟೆಕಿಚ್ಚು

ಹೋದ ವಾರ ತಾಳಗುಂದದಲ್ಲಿ ಒಂದು ಸೀಮಂತ. ಊಟ ಮುಗಿಸಿ, ಕೈ ತೊಳೆದು ಬಂದು ಕೂತಿದ್ದೆವು. ಪಕ್ಕದ ಹೆಂಗಸು ಆಗಿನಿಂದ ನನ್ನ ರವಿಕೆಯ ತೋಳನ್ನೇ ನೋಡುತ್ತಿದ್ದಳು.

"ಯಾರ್ ಹತ್ರ ಹೊಲಿಸಿದ್ರಿ ಅಕ್ಕಾರೆ? ಬಾಳ ಚೆನ್ನಾಗೈತೆ" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನತ್ತೆ ತಮ್ಮ ಎಲೆಅಡಿಕೆ ಸಂಚಿಗೆ ಕೈ ಹಾಕಿ ಒಂದು ವಿಸಿಟಿಂಗ್ ಕಾರ್ಡ್ ತೆಗೆದರು. ಅದು ನನ್ನದಲ್ಲ. (ನನಗೆ ಕಾರ್ಡೇ ಇರಲಿಲ್ಲ.)

"ರವಿಕೆ ನಮ್ಮಾಕೀನೇ ಹೊಲಿಯೋದು, ಅದಿರ್ಲಿ ಬಿಡು. ಇದು ನೋಡು, ನಮ್ಮ ಸಣ್ ಸೊಸೇದು. ಸೊರಬದಾಗ ಇರ್ತಾಳೆ. ಹೋಳಿಗೆ ಬಾಯಾಗಿಟ್ರೆ ಕರಗ್ತಾವೆ. ಮನೇಲಿ ಏನಾರ ಕಾರ್ಯ ಇದ್ರೆ ಫೋನ್ ಮಾಡವ್ವ."

ಅದಿರ್ಲಿ ಬಿಡು! ನಾನು ಶಿಕಾರಿಪುರದಲ್ಲಿ ರವಿಕೆ ಹೊಲಿಯುವವಳು, ವಾರಕ್ಕೊಂದು ದಿನ ಮಿಷಿನ್ ನಿಲ್ಲಿಸಿ ಇಲ್ಲಿ ಬರೆಯುವವಳು ಅಂತ ನಿಮಗೆಲ್ಲ ಗೊತ್ತು. ಅತ್ತೆ ಇರುವುದು ನನ್ನ ಜೊತೆ. ಬೆಳಗಿನ ಚಹಾ ನನ್ನದು, ರಾತ್ರಿಯ ಮಾತ್ರೆ ನನ್ನದು. ಕಾರ್ಡು ಮಾತ್ರ ಮೈದುನನ ಹೆಂಡತಿ ನೇತ್ರಾಳದ್ದು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳೇ?

ಸುಳ್ಳು ಹೇಳುವುದಿಲ್ಲ, ನನಗೆ ಹೊಟ್ಟೆ ಉರಿಯಿತು. ಗಿರಾಕಿಗಳಿಗಾಗಿ ಅಲ್ಲ. ಗೌರಿ ಹಬ್ಬದ ತನಕ ಹೊಲಿದರೂ ಮುಗಿಯದಷ್ಟು ಬಟ್ಟೆ ಮನೆಯಲ್ಲಿದೆ. ನನಗೆ ಬೇಕಾಗಿದ್ದು ಇಷ್ಟೇ: ಆ ಸಂಚಿಯಿಂದ ಅತ್ತೆ ಒಮ್ಮೆಯಾದರೂ ನನ್ನ ಹೆಸರು ತೆಗೆದು, ನಾಲ್ಕು ಜನರ ಮುಂದೆ, "ಇದು ನಮ್ಮ ದೊಡ್ಡ ಸೊಸೇದು" ಅನ್ನಬೇಕು.

ಮರುದಿನವೇ ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಗೆ ಹೋದೆ. ಸಂಚಿಯಿಂದ ಎಗರಿಸಿದ ನೇತ್ರಾಳ ಕಾರ್ಡನ್ನು ಡಿಸೈನ್ ಮಾಡುವ ಪ್ರಕಾಶಪ್ಪನ ಮುಂದಿಟ್ಟು, ನನ್ನ ಟೇಪನ್ನೇ ಕೊಟ್ಟೆ. ಆತ ಅಳೆದು ಮುಖ ಸಿಂಡರಿಸಿದ.

"ಮೂರು ಬೈ ಎರಡು ಐತಲ್ರೀ ಇದು! ಸ್ಟ್ಯಾಂಡರ್ಡ್ ಸೈಜು ಮೂರೂವರೆ ಬೈ ಎರಡು. ಇದ್ಯಾಕೆ ಅರ್ಧ ಇಂಚು ಕಮ್ಮಿ ಮಾಡ್ಸಿದಾರೆ?"

"ಕಂಜೂಸಿ" ಎಂದೆ. ಆ ಅರ್ಧ ಇಂಚು ನನಗೆ ಕೊಟ್ಟ ಖುಷಿ ಅಷ್ಟಿಷ್ಟಲ್ಲ. "ನಂದು ನಾಲ್ಕೂವರೆ ಬೈ ಮೂರು ಮಾಡ್ರಿ."

"ಅಕ್ಕಾರೆ, ಅದು ಕಾರ್ಡಾಗಲ್ಲ, ಆಮಂತ್ರಣ ಆಗ್ತೈತೆ. ಜನ ಪರ್ಸ್‌ನಾಗೆ ಹೆಂಗ್ ಇಟ್ಕಂತಾರೆ?"

"ಮಾಡ್ರಿ ಅಂದೆ."

ಮಾಡಿದ. ವಾಟ್ಸಾಪಿನಲ್ಲಿ ಕಳಿಸಿದ ರವಿಕೆಯ ಫೋಟೊ ಪ್ರಿಂಟಿನಲ್ಲಿ ಮಸುಕಾಗುತ್ತದೆ, ಒರಿಜಿನಲ್ ತನ್ನಿ ಎಂದ. ತಂದೆ. ಸ್ಕ್ರೀನಿನಲ್ಲಿ ಮಿಂಚುವ ರಾಣಿ ಪಿಂಕ್ ಕಾಗದದ ಮೇಲೆ ಮಂಕಾಗುತ್ತದೆ ಎಂದ. (ಅಂಗಡಿಯ ಲೈಟಿನಲ್ಲಿ ಒಂದು ಬಣ್ಣ, ಬಿಸಿಲಿನಲ್ಲಿ ಇನ್ನೊಂದು ಬಣ್ಣ ಎಂದು ಸೀರೆ ತಂದವರು ನನ್ನ ಮುಂದೆ ಅಳುವುದು ಕಂಡಿಲ್ಲವೇ?) ಅಂಚಿನಿಂದಾಚೆ ಸುತ್ತಲೂ ಮೂರು ಎಂಎಂ ಬಣ್ಣ ಜಾಸ್ತಿ ಬಿಡಬೇಕು, ಕಟಿಂಗಿನಲ್ಲಿ ಅಷ್ಟು ಹೋಗುತ್ತದೆ, ಅದಕ್ಕೆ ಬ್ಲೀಡ್ ಅಂತಾರೆ ಎಂದು ಪಾಠ ಮಾಡಿದ. ಹೊಲಿಗೆಗೆ ಬಟ್ಟೆ ಬಿಟ್ಟು ಕತ್ತರಿಸುವವಳಿಗೆ ಇದನ್ನು ಹೇಳಿಕೊಡಬೇಕೇ? ಅಕ್ಷರಗಳು ಮಾತ್ರ ಅಂಚಿನಿಂದ ಒಳಗಿರಬೇಕಂತೆ. ಸರಿ, ಮೇಲೆ ದೇವರ ಹೆಸರು, ನಡುವೆ ನನ್ನ ಹೆಸರು, ಬಲಗಡೆ ರವಿಕೆಯ ಫೋಟೊ, ಕೆಳಗೆ ಫೋನ್ ನಂಬರ್. ಎಲ್ಲ ಅಚ್ಚುಕಟ್ಟಾಗಿ ಕೂತವು.

ಮೂರನೇ ದಿನ ಕಾರ್ಡು ಬಂತು. ದಪ್ಪ ಕಾಗದ, ಮ್ಯಾಟ್ ಫಿನಿಶ್, ಬೆರಳಾಡಿಸಿದರೆ ರೇಷ್ಮೆ. ಮನೆಗೆ ಓಡಿದೆ. ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅತ್ತೆಯ ಕೈಯಲ್ಲಿ ಹತ್ತು ಕಾರ್ಡು ಇಟ್ಟೆ. ಅತ್ತೆ ತಿರುಗಿಸಿ ತಿರುಗಿಸಿ ನೋಡಿದರು.

"ಬಾಳ ಚೆನ್ನಾಗೈತಲ್ಲೇ! ಅಲ್ಲ, ನಿನ್ ಕೆಲಸ ಊರಿಗೇ ಗೊತ್ತೈತೆ, ನಿಂಗೆ ಇದೆಲ್ಲ ಬ್ಯಾಡೇನೋ ಅನ್ಕಂಡಿದ್ದೆ" ಎಂದರು.

ಅತ್ತೆ ಒಂದು ಕಾರ್ಡನ್ನು ಸಂಚಿಗೆ ಹಾಕಲು ಹೋದರು. ಹಿಡಿಸಲಿಲ್ಲ. ಅಡ್ಡ ಹಾಕಿದರು. ಉದ್ದ ಹಾಕಿದರು. ಊಹೂಂ.

"ಇದ್ರಾಗೆ ದೇವ್ರ ಹೆಸರು ಯಾವ ಕಡೆಗೈತೆ?" ಎಂದು ಕೇಳಿದರು. ಅವರಿಗೆ ಓದಲು ಬರುವುದಿಲ್ಲ. ನಾನು ಭಕ್ತಿಯಿಂದ ಮೇಲಿನ ಸಾಲು ತೋರಿಸಿದೆ.

"ಹಂಗಾರೆ ಅಲ್ಲಿ ಕತ್ರಿ ಹಾಕಬಾರ್ದು" ಎಂದವರೇ ಅಡಕತ್ತರಿ ಎತ್ತಿದರು. ಕಚಕ್! ಕೆಳಗಿನ ಒಂದಿಂಚು ಹೋಯಿತು. ಅದರ ಜೊತೆ ನನ್ನ ಫೋನ್ ನಂಬರ್ ಹೋಯಿತು. ಕಚಕ್ ಕಚಕ್! ಬಲಗಡೆಯ ಒಂದೂವರೆ ಇಂಚು ಹೋಯಿತು. ರವಿಕೆ ಹೋಯಿತು, ನನ್ನ ಹೆಸರಿನ ಕೊನೆಯ ಎರಡಕ್ಷರವೂ ಹೋಯಿತು. ಉಳಿದದ್ದು ಮೂರು ಬೈ ಎರಡು. ಅದು ಸಲೀಸಾಗಿ ಸಂಚಿಯೊಳಗೆ ಇಳಿಯಿತು, ನೇತ್ರಾಳ ಕಾರ್ಡುಗಳ ಪಕ್ಕಕ್ಕೆ.

"ಅತ್ತೆ! ನಂಬರೇ ಹೋಯ್ತಲ್ಲ!"

"ಹೋದ್ರೆ ಹೋಗ್ಲಿ ಬಿಡೇ, ಬಾಯಾಗೆ ಹೇಳ್ತೀನಿ."

(ಅತ್ತೆಗೆ ನನ್ನ ನಂಬರ್ ಬಾಯಿಪಾಠ ಬರುವುದಿಲ್ಲ.)

ನಾನು ತಡೆಯಲಾರದೆ ಕೇಳಿಬಿಟ್ಟೆ: "ನೇತ್ರಾ ಮಾಡಿಸಿದ್ದು ಹೆಂಗೆ ಅಷ್ಟು ಸರಿಯಾಗಿ ಹಿಡಿಸ್ತು?"

"ಆಕಿ ಯುಗಾದಿಗೆ ಬಂದಾಗ ಕೇಳಿದ್ಲಲ್ಲ. 'ಕಾರ್ಡ್ ಮಾಡಿಸ್ಬೇಕು ಅತ್ತೆ, ನಿಮ್ಮ ಸಂಚಿ ಒಂಚೂರು ಕೊಡಿ ಮಾರಾಯ್ರೆ' ಅಂದು ಇಸ್ಕಂಡ್ಲು. ದಾರ ಹಿಡಿದು ಅಳತೆ ತಗಂಡ್ಲು. ನಿನ್ ಮಿಷಿನ್ ಮ್ಯಾಲಿದ್ದ ದಾರಾನೇ."

ಅಂದರೆ ಆ ಅರ್ಧ ಇಂಚು ಕಂಜೂಸಿಯಲ್ಲ. ಪ್ರಕಾಶಪ್ಪನ ಸ್ಟ್ಯಾಂಡರ್ಡ್ ಸೈಜೂ ಆ ಸಂಚಿಗೆ ಹಿಡಿಸುತ್ತಿರಲಿಲ್ಲ. ಈಗ ನಾನೂ ಮೂರು ಬೈ ಎರಡು ಮಾಡಿಸಬಹುದು, ಅತ್ತೆ ಖಂಡಿತ ಹಂಚುತ್ತಾರೆ. ಆದರೆ ಅದು ಅವಳು ತೆಗೆದ ಅಳತೆ.

ಮನೆ ನನ್ನದು, ದಾರ ನನ್ನದು, ದಿನವೆಲ್ಲ ಎದುರಿಗಿರುವ ಅತ್ತೆ ನನ್ನವರು. ಅವರನ್ನು ಒಂದು ಮಾತು ಕೇಳಬೇಕು ಅಂತ ಹೊಳೆದದ್ದು ಮಾತ್ರ ಹಬ್ಬಕ್ಕೆ ಬಂದು ಹೋಗುವವಳಿಗೆ ಅಂದರೆ, ಹೊಟ್ಟೆ ಉರಿಯದೆ ತಂಪಾಗಿರುತ್ತದೆಯೇ?