ವೆಂಕಟಗಿರಿ ಮೇಷ್ಟ್ರ ಕೋಟು

ವೆಂಕಟಗಿರಿ ಮೇಷ್ಟ್ರ ಬುದ್ಧಿಮಾತು ಕೇಳಿ ಉದ್ಧಾರವಾದವರನ್ನು ನಾನಂತೂ ಕಂಡಿಲ್ಲ. ಆದರೂ ಹೇಳಿ ಹೇಳಿ ಆ ಮನುಷ್ಯನಿಗೆ ಒಂದು ದಿನವೂ ಬಾಯಿ ನೋಯಲಿಲ್ಲ.

ರಾಜಾಜಿನಗರ ಕಟ್ಟುವಾಗ ನಮ್ಮ ಹೊಲ ಹೋಯಿತು. ಪರಿಹಾರದ ದುಡ್ಡು ಅಪ್ಪನ ಕಾಯಿಲೆಗೆ ಕರಗಿತು. ಕೊನೆಗೆ ಉಳಿದದ್ದು ಕೇತಮಾರನಹಳ್ಳಿಯ ಮನೆ, ಒಂದು ಎಮ್ಮೆ, ನಾನು ಮತ್ತು ನನ್ನ ತಮ್ಮ ಕೆಂಚಪ್ಪ. ಐವತ್ತನಾಲ್ಕನೇ ಇಸವಿಯಲ್ಲಿ ಈ ಮೇಷ್ಟ್ರು ಎರಡು ಹಳೇ ಟೈಪ್‌ರೈಟರ್ ಹೊರಿಸಿಕೊಂಡು ಬಂದು, ನಮ್ಮ ಮುಂದಿನ ಕೋಣೆಗೆ ಕಮರ್ಷಿಯಲ್ ಇನ್‌ಸ್ಟಿಟ್ಯೂಟ್ ಎಂದು ಬೋರ್ಡು ಹೊಡೆದರು. ಬಾಡಿಗೆ ಕೇಳಿದೆ. ಅದರ ಬದಲು ಕೆಂಚಪ್ಪನಿಗೆ ಟೈಪಿಂಗು, ಲೆಕ್ಕಪತ್ರ ಎಲ್ಲ ಕಲಿಸಿ ಆಫೀಸು ಸೇರುವ ಹಾಗೆ ಮಾಡುತ್ತೇನೆ ಎಂದರು. ಹೊಲವಿಲ್ಲದ ಮನೆ, ಹುಡುಗನಿಗೆ ಕೆಲಸ ಸಿಗದಿದ್ದರೆ ನಮಗೆ ಬೇರೆ ಗತಿಯಿರಲಿಲ್ಲ. ಒಪ್ಪಿಕೊಂಡೆ.

ಶನಿವಾರ ಶನಿವಾರ ಹುಡುಗರನ್ನು ಕೂರಿಸಿಕೊಂಡು ಉಪದೇಶ. ಸಂಬಳದಲ್ಲಿ ಕಾಲುಭಾಗ ಉಳಿಸಬೇಕಂತೆ, ಕೈಸಾಲ ಮಾಡಲೇಬಾರದಂತೆ. ಇಷ್ಟು ಹೇಳಿ ಮುಗಿಸಿ ಒಳಗೆ ಬಂದು ನನ್ನ ಹತ್ತಿರ ಕಾಫಿಪುಡಿ ಸಾಲ ಕೇಳುವರು. ಎಲ್ಲಕ್ಕಿಂತ ಮೇಲು ಅವರ ಕೋಟಿನ ಮಾತು. ಸಾಹೇಬರು ಮೊದಲು ಕೋಟು ನೋಡ್ತಾರಂತೆ, ಆಮೇಲೆ ಆಳನ್ನು. ಅದಕ್ಕೆಂದೇ ಒಂದು ಕಂದು ಕೋಟು ಗೂಟಕ್ಕೆ ನೇತುಹಾಕಿದ್ದರು. ಇಂಟರ್‌ವ್ಯೂಗೆ ಹೋಗುವ ಹುಡುಗರೆಲ್ಲ ಸರದಿಯ ಮೇಲೆ ಅದನ್ನೇ ತೊಡಬೇಕು. ಯಾರಿಗೂ ಅಳತೆಗೆ ಹತ್ತದ ದರಿದ್ರ ಕೋಟು.

ಎರಡು ವರ್ಷ ಕಳೆದ ಮೇಲೆ ಮಾಗಡಿ ರಸ್ತೆಯ ಮಿಲ್ಲೊಂದರಲ್ಲಿ ಗುಮಾಸ್ತೆ ಕೆಲಸ ಖಾಲಿಯಿದೆ ಎಂದು ಗೊತ್ತಾಯಿತು. ಕೆಂಚಪ್ಪನ ಸರದಿ. ಇಂಟರ್‌ವ್ಯೂ ಹಿಂದಿನ ದಿನ ಮೇಷ್ಟ್ರು, ಕೋಟು ಇಸ್ತ್ರಿಗೆ ಹೋಗಿದೆ, ಕೋಟಿಲ್ಲದೆ ಹೋದರೆ ಮಾನ ಹೋಗುತ್ತೆ, ಈ ಸಲ ಬಿಟ್ಟುಬಿಡು ಎಂದರು. ನನಗೆ ಮೈಯೆಲ್ಲ ಉರಿಯಿತು. ಇದ್ದ ಒಂದು ಬಿಳಿ ಅಂಗಿ ಒಗೆದು, ಚೊಂಬಿಗೆ ಕೆಂಡ ತುಂಬಿ ತೀಡಿ, ಹೋಗು ಎಂದು ಕಳಿಸಿದೆ.

ಅಲ್ಲಿ ಬೆಂಚಿನ ಮೇಲೆ ಕೂತಿದ್ದವರು ಯಾರು ಗೊತ್ತೇ? ಅದೇ ಕೋಟು ತೊಟ್ಟ ಮೇಷ್ಟ್ರು! ಆ ಕೆಲಸಕ್ಕೆ ತಾವೇ ಅರ್ಜಿ ಹಾಕಿದ್ದರು. ಕೆಂಚಪ್ಪನನ್ನು ಕಂಡು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತರಂತೆ.

ಎಲ್ಲಿ ಕಲಿತೆ ಎಂದು ಮ್ಯಾನೇಜರ್ ಕೇಳಿದಾಗ ಈ ಪೆದ್ದ, ನಮ್ಮ ಮೇಷ್ಟ್ರು ಹೊರಗೇ ಇದ್ದಾರೆ ಸಾರ್ ಎಂದ. ಅವರು ಮೇಷ್ಟ್ರನ್ನು ಒಳಗೆ ಕರೆಸಿ, ಹುಡುಗ ಹೇಗೆ ಎಂದು ವಿಚಾರಿಸಿದರು.

"ಅವನಿಗೆ ಏನೂ ಬರಲ್ಲ ಸಾರ್," ಎಂದರು ಮೇಷ್ಟ್ರು.

"ಎರಡು ವರ್ಷ ಕಲಿಸಿದವರು ನೀವೇ ಅಲ್ವಾ?" ಎಂದರಂತೆ ಮ್ಯಾನೇಜರ್.

ಮ್ಯಾನೇಜರ್ ಕೆಂಚಪ್ಪನನ್ನು ಟೈಪ್‌ರೈಟರ್ ಮುಂದೆ ಕೂರಿಸಿ ಒಂದು ಪತ್ರ ಹೊಡೆಸಿದರು. ಮುಂಜಾನೆ ಮೇಷ್ಟ್ರು ಬರುವ ಮೊದಲೇ ದಿನಾ ಕೂತು ಹೊಡೆದ ಕೈ ಅದು, ತಪ್ಪಲಿಲ್ಲ. ಕೆಲಸ ಅವನಿಗಾಯಿತು. ಸಂಜೆ ಅವನು ಬಂದು ಹೇಳಿದಾಗ ನಾನು ಅತ್ತುಬಿಟ್ಟೆ.

ಇಷ್ಟಾದರೂ ಆಸಾಮಿಗೆ ನಾಚಿಕೆ ಬೇಡವೇ? ಮುಂದಿನ ಶನಿವಾರ ಅದೇ ಕೋಟು ತೊಟ್ಟು ಹೊಸ ಹುಡುಗರ ಮುಂದೆ ನಿಂತು, ಕೆಂಚಪ್ಪ ತಮ್ಮ ಕೈಯಲ್ಲಿ ಪಳಗಿದವನು, ಕೆಲಸ ಕೊಡಿಸಿದ್ದೂ ತಾವೇ ಎಂದು ಶುರುಮಾಡಿದರು. ಹಾಲಿನ ಚೊಂಬು ಹಿಡಿದುಕೊಂಡೇ ಬಾಗಿಲಿಗೆ ಹೋಗಿ ನಿಂತೆ.

"ನನ್ನ ತಮ್ಮನಿಗೆ ಏನೂ ಬರಲ್ಲ ಅಂತ ಮಿಲ್ಲಲ್ಲಿ ನೀವೇ ಹೇಳಿದ್ರಂತೆ ಮೇಷ್ಟ್ರೇ. ಹಂಗಾದ್ರೆ ಕಲಿಸಿಲ್ಲ ಅಂತಾಯ್ತಲ್ಲ. ಎರಡು ವರ್ಷದ ಬಾಡಿಗೆ ಕೊಡಿ."

ಹುಡುಗರೆಲ್ಲ ಮೇಷ್ಟ್ರ ಮುಖ ನೋಡಿದರು. ಆ ತಿಂಗಳೇ ಅವರು ಮೊದಲ ಕಂತು ತಂದುಕೊಟ್ಟರು, ಕೋಟು ಮಾರಿ. ಎಣಿಸಿ ತೆಗೆದುಕೊಂಡೆ.