ಮಿಸ್ತ್ರಿ ಕಟ್ಟಿದ ಕೊನೆಯ ಎಂಜಿನ್

ಮಿಸ್ತ್ರಿಯ ಬಲಗೈ ಮೊಣಕೈತನಕ ಎಣ್ಣೆಗಪ್ಪು. ತೋರುಬೆರಳು ಮತ್ತು ಹೆಬ್ಬೆರಳಿನ ತುದಿಗಳು ಮಾತ್ರ ಈಗಷ್ಟೇ ತೊಳೆದಂತೆ ಬೆಳ್ಳಗೆ. ಅಂಗಿಯ ಜೇಬಿನಲ್ಲಿ ಹಳೆಯ ಧೋತರದ ತುಂಡೊಂದು ಯಾವಾಗಲೂ ಇರುತ್ತಿತ್ತು. ಎಂಜಿನ್ನಿನ ಒಳಭಾಗ ಮುಟ್ಟುವ ಮೊದಲು ಆ ಎರಡು ಬೆರಳನ್ನು ಅದರಿಂದ ತಿಕ್ಕಿ ತಿಕ್ಕಿ ಒರೆಸಿಕೊಳ್ಳುತ್ತಿದ್ದರು. ಆಮೇಲೆ ಬೆಲ್ಲದ ಪಾಕ ಎಳೆ ಬಂತೋ ಇಲ್ಲವೋ ಎಂದು ನೋಡುವವರ ಹಾಗೆ ಒಂದಕ್ಕೊಂದು ಸವರಿ, ಕಣ್ಣು ಮುಚ್ಚಿ, ಪಿಸ್ಟನ್ನುಗಳ ಕೆಳಗಿನ ದಪ್ಪ ಉಕ್ಕಿನ ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿ ನೋಡುತ್ತಿದ್ದರು. ಅಳತೆಯ ಸಾಮಾನು ಅವರ ಹತ್ತಿರವೂ ಇತ್ತು, ಅಳೆಯುತ್ತಲೂ ಇದ್ದರು. ಆದರೆ ಬೆರಳು ಹೂಂ ಅನ್ನುವತನಕ ಎಂಜಿನ್ನಿನ ಮುಚ್ಚಳ ಹಾಕುತ್ತಿರಲಿಲ್ಲ.

ಸಿಂಧನೂರಿನಿಂದ ಮಸ್ಕಿ ಕಡೆ ಹೊರಟರೆ ಊರು ಮುಗಿಯುವಲ್ಲಿ ಒಂದು ಅಕ್ಕಿ ಗಿರಣಿ, ಅದರ ಪಕ್ಕದಲ್ಲಿ ಅವರ ತಗಡಿನ ಶೆಡ್ಡು. ಟ್ರ್ಯಾಕ್ಟರು, ಲಾರಿ, ಭತ್ತ ಕೊಯ್ಯುವ ಮಶೀನು ಅಲ್ಲಿಗೆ ಬರುತ್ತಿದ್ದವು. ನಿರಾಶ್ರಿತರ ಕ್ಯಾಂಪಿನ ಬಂಗಾಲಿಗಳೂ ಬರುತ್ತಿದ್ದರು, ಕಾಲುವೆ ಕಡೆಯ ತೆಲುಗಿನವರೂ ಬರುತ್ತಿದ್ದರು. ಮಿಸ್ತ್ರಿ ಎಲ್ಲರಿಗೂ ಕನ್ನಡದಲ್ಲೇ ಬೈಯುತ್ತಿದ್ದರು, ಎಲ್ಲರಿಗೂ ಅರ್ಥವಾಗುತ್ತಿತ್ತು. ಗಿರಣಿಯ ಹೊಟ್ಟು ಅವರ ದೊಡ್ಡ ವೈರಿ. ಒಂದು ಕಣ ಒಳಗೆ ಬಿದ್ದರೂ ಕಟ್ಟಿದ್ದೆಲ್ಲ ಹಾಳು. ಹಾಗಾಗಿ ಎಂಜಿನ್ ಕಟ್ಟುವ ದಿನ ಗಿರಣಿ ಶುರುವಾಗುವ ಮುಂಚೆಯೇ ಬಂದು, ನೆಲಕ್ಕೆ ನೀರು ಹೊಡೆದು, ಬಾಗಿಲು ಎಳೆದುಕೊಂಡು ಒಬ್ಬರೇ ಕೂಡುತ್ತಿದ್ದರು. ಯಾರಾದರೂ ಬಾಗಿಲು ಬಡಿದರೆ ಒಳಗಿನಿಂದ ಕೆಮ್ಮುತ್ತಿದ್ದರು. ನಾಳೆ ಬಾ ಎಂದು ಅದರ ಅರ್ಥ.

ನನಗೂ ಅವರಿಗೂ ಗಂಟು ಬಿದ್ದದ್ದು ನನ್ನ ಹುಚ್ಚಿನಿಂದ. ಲಿಂಗಸುಗೂರಿನ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು, ಮನೆ ಸಿಂಧನೂರಿನಲ್ಲಿ. ನಮ್ಮಪ್ಪ ಜವಳಗೇರಾದ ಗದ್ದೆಗಳಿಗೆ ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಟ್ರ್ಯಾಕ್ಟರಿನ ಹಿಂದೆ ಜೋತುಬಿದ್ದು ಊರು ಸೇರಿದವನು. ಅವನ ಮಗನಿಗೆ ರಸ್ತೆಯ ಮೇಲೆ ಎಲ್ಲರಿಗಿಂತ ಮುಂದೆ ಹೋಗಬೇಕು ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ, ಬುದ್ಧಿಯೂ ಇಲ್ಲ. ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡಿನಲ್ಲಿ ಟರ್ಬೊ ಇರುವ ಪೆಟ್ರೋಲ್ ಕಾರು ತಂದೆ. ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟುವಂಥದ್ದು. ಹೆಂಡತಿ ಒಂದು ಸುತ್ತು ಹಾಕಿ ಬಂದು, ಇದರಲ್ಲಿ ನಾನು ಕೂಡುವುದಿಲ್ಲ, ನೀವೇ ಪೂಜೆ ಮಾಡಿಕೊಳ್ಳಿ ಎಂದಳು. ಹಳೆಯ ಮಾಲೀಕ ಅದರ ಕಂಪ್ಯೂಟರಿನಲ್ಲಿ ಕೈಯಾಡಿಸಿ, ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಜೋರು ಓಡುವಂತೆ ಮಾಡಿಸಿದ್ದನೆಂಬುದು ನನಗೆ ಗೊತ್ತಿರಲಿಲ್ಲ. ಏಳೇ ತಿಂಗಳಲ್ಲಿ ಒಂದು ಪಿಸ್ಟನ್ನಿನ ನೆತ್ತಿ ಕರಗಿ ತೂತು ಬಿತ್ತು. ಶೋರೂಮಿನವರು ಇಡೀ ಎಂಜಿನ್ ಬದಲಿಸಬೇಕು ಎಂದರು. ಅವರು ಹೇಳಿದ ಬೆಲೆಗೆ ಇನ್ನೊಂದು ಕಾರೇ ಬರುತ್ತಿತ್ತು.

ಮಿಸ್ತ್ರಿ ಅಂಥ ಕಾರಿನ ಎಂಜಿನ್ ಅದಕ್ಕೂ ಮೊದಲು ಬಿಚ್ಚಿದವರಲ್ಲ. ತೂತು ಬಿದ್ದ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ಅದರೊಳಗಿನಿಂದ ನನ್ನನ್ನೇ ನೋಡಿದರು.

“ಯಾರೋ ಇದಕ್ಕ ಉರಿ ಹೆಚ್ಚಿಟ್ಟು ಬೇಸ್ಯಾರ್ರಿ ಸರ. ಪಾಪ, ಎಷ್ಟು ದಿನ ತಡಕೊಂಡೈತೋ,” ಎಂದರು.

ಕಾರಿನ ಕಂಪ್ಯೂಟರ್ ಡಬ್ಬಿ ಬಿಚ್ಚಿ ನನ್ನ ಕೈಗಿಟ್ಟು, ಹೈದರಾಬಾದಿಗೆ ಒಯ್ದು ಮೊದಲಿದ್ದಂತೆ ಮಾಡಿಸಿಕೊಂಡು ಬರಲು ಕಳಿಸಿದರು. ತಂದುಕೊಟ್ಟ ಮೇಲೆ ಇನ್ನೊಂದು ಕೆಲಸ ಹಚ್ಚಿದರು. ಯಾರದೇ ಎಂಜಿನ್ ಇರಲಿ, ಅದರ ಪ್ರತಿಯೊಂದು ಭಾಗವನ್ನೂ ಅದರ ಧಣಿಯೇ ಕೂತು ಡೀಸೆಲ್ಲಿನಲ್ಲಿ ತೊಳೆಯಬೇಕು. ಅದು ಅವರ ಕಾಯಿದೆ. ಎಕರೆಗಟ್ಟಲೆ ಗದ್ದೆ ಇದ್ದವರೂ ಕೋಳಿಗಳ ಜೊತೆ ಆ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತದ್ದನ್ನು ನಾನು ನೋಡಿದ್ದೇನೆ. ಮೂರು ಭಾನುವಾರ ನಾನೂ ಕೂತೆ. ಕೈಯ ವಾಸನೆ ಊಟದಲ್ಲೂ ಬರುತ್ತಿತ್ತು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದಾಗ, ತೊಳೆದವನಿಗೆ ಆಮೇಲೆ ಎಂಜಿನ್ ಕೆಡಿಸಲು ಮನಸ್ಸು ಬರುವುದಿಲ್ಲ ಎಂದರು. ಬಹಳ ಜನರ ವಿಷಯದಲ್ಲಿ ಅದು ನಿಜವೇ ಇದ್ದಿರಬೇಕು.

ಹೊಸ ಪಿಸ್ಟನ್ನುಗಳು ಬಂದವು. ಮಿಸ್ತ್ರಿ ಎರಡು ಮುಂಜಾನೆ ಬಾಗಿಲು ಹಾಕಿಕೊಂಡು ಎಂಜಿನ್ ಕಟ್ಟಿದರು. ಕೀಲಿ ಕೊಡುವಾಗ ಹೇಳಿದ್ದು ಒಂದೇ ಮಾತು. ಸಾವಿರ ಕಿಲೋಮೀಟರ್ ಮುಗಿಯುವವರೆಗೆ ಮೀಟರಿನ ಮುಳ್ಳು ನಿಮಿಷಕ್ಕೆ ಮೂರು ಸಾವಿರ ಸುತ್ತು ದಾಟಬಾರದು, ಆಮೇಲೆ ತಂದು ತೋರಿಸಬೇಕು. “ಬಾಣಂತಿ ಇದ್ದಂಗ ಐತ್ರಿ ಈಗ ಅದು,” ಎಂದರು.

ಮುನ್ನೂರ ನಲವತ್ತು ಕಿಲೋಮೀಟರ್ ನಾನು ಒಳ್ಳೆಯವನಾಗಿದ್ದೆ. ಒಂದು ಸಂಜೆ ಕಾಲೇಜು ಮುಗಿಸಿ ಲಿಂಗಸುಗೂರಿನಿಂದ ಬರುತ್ತಿದ್ದೆ. ಮಸ್ಕಿ ಇನ್ನೂ ದೂರವಿತ್ತು. ಹಿಂದಿನಿಂದ ಒಂದು ಬಿಳಿ ಗಾಡಿ ಬಂದು ಹಾರ್ನ್ ಬಡಿದು ಮುಂದೆ ಹೋಯಿತು. ಕಿಟಕಿಯಿಂದ ಒಬ್ಬ ಕೈ ಹೊರಗೆ ಹಾಕಿ, ಎತ್ತು ಹೊಡೆದಂತೆ ಮಾಡಿ ನಕ್ಕ. ಅಷ್ಟೇ ಆದದ್ದು. ನಲವತ್ತು ದಾಟಿದ, ಮಕ್ಕಳಿಗೆ ಘರ್ಷಣೆಯ ಪಾಠ ಹೇಳುವ ಮನುಷ್ಯ ನಾನು. ಕಾಲು ಪೂರ್ತಿ ಒತ್ತಿದೆ. ಮುಳ್ಳು ಆರು ಸಾವಿರ ದಾಟಿತು. ಆ ಗಾಡಿ ಹಿಂದೆ ಬಿತ್ತು. ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಎಣ್ಣೆಯ ಕೆಂಪು ದೀಪ ಹತ್ತಿದ್ದು ಕಾಣಿಸಿತು. ಈಗ ನಿಂತರೆ ಅವನು ಮತ್ತೆ ಮುಂದೆ ಹೋಗುತ್ತಾನೆಂದು ನಿಲ್ಲಿಸಲಿಲ್ಲ. ಮಸ್ಕಿ ಮುಟ್ಟುವ ಮೊದಲೇ ಕೆಳಗಿನಿಂದ ಸುತ್ತಿಗೆ ಬಡಿದಂಥ ಸದ್ದು ಎದ್ದಿತು, ನಾಲ್ಕು ಹೊಡೆತಕ್ಕೆ ಎಂಜಿನ್ ಹಿಡಿದುಕೊಂಡು ನಿಂತುಬಿಟ್ಟಿತು. ಬಿಳಿ ಗಾಡಿಯವನು ಹಾದುಹೋಗುವಾಗ ನನ್ನ ಕಡೆ ನೋಡಲೂ ಇಲ್ಲ.

ಮರುದಿನ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದೆ. ಮಿಸ್ತ್ರಿ ತಳದ ಎಣ್ಣೆ ಪಾತ್ರೆ ಇಳಿಸಿದರು. ಎಣ್ಣೆಯ ತುಂಬ ಸೀರೆಯ ಜರಿ ಪುಡಿ ಮಾಡಿ ಉದುರಿಸಿದಂತೆ ಲೋಹದ ಮಿಣುಕು. ಕ್ರ್ಯಾಂಕಿನ ಬೇರಿಂಗುಗಳು ಸುಟ್ಟು ನೀಲಿಯಾಗಿದ್ದವು. ಬಿಗಿ ಕೂಡಿಸಿದ ಬೇರಿಂಗೂ ಹೀಗೇ ಸುಡುತ್ತದೆ, ಎಣ್ಣೆ ಸಿಗದೆ ಜೋರು ತಿರುಗಿದ್ದೂ ಹೀಗೇ ಸುಡುತ್ತದೆ. ಯಾವುದು ಎಂದು ಹೇಳಬಲ್ಲವನು ನಾನೊಬ್ಬನೇ. ಮಿಸ್ತ್ರಿ ಆ ಬೇರಿಂಗುಗಳನ್ನು ಅಂಗೈಯಲ್ಲಿಟ್ಟುಕೊಂಡು ತಿರುವಿ ತಿರುವಿ ನೋಡಿದರು. ಆಮೇಲೆ ಮುಖ ಎತ್ತದೆ ಕೇಳಿದರು.

“ಸರ, ಜೋರು ಹೊಡದಿದ್ರೇನು?”

“ಇಲ್ರಿ. ಅರವತ್ತರ ಮ್ಯಾಲ ಹೋಗೇ ಇಲ್ಲ,” ಎಂದೆ.

ಅವರು ನನ್ನ ಮುಖ ನೋಡಿದ್ದರೆ ಸಿಕ್ಕಿಬೀಳುತ್ತಿದ್ದೆ. ಅವರು ನೋಡಿದ್ದು ತಮ್ಮ ಬೆರಳುಗಳನ್ನು. ಧೋತರದ ತುಂಡು ತೆಗೆದು ಒರೆಸಿಕೊಂಡು, ಒಂದಕ್ಕೊಂದು ಸವರಿ ನೋಡಿದರು. ತಿರುಗಿಸಿ ನೋಡುವಂಥ ಎಂಜಿನ್ ಎದುರಿಗಿರಲಿಲ್ಲ, ಆದರೂ ಸವರಿದರು.

“ಹಂಗಾದ್ರ ನನ್ನ ಕೈನ ಗಲತ್ ಮಾಡೈತಿ,” ಎಂದರು. “ಯಾರಿಗೂ ಹೇಳಿಲ್ರಿ. ಸಕ್ರಿ ಕಾಯಿಲೆ ಐತಿ ನನಗ. ಒಂದು ವರ್ಷಾತು, ಬೆರಳಿಗೆ ಜೋಮು ಹಿಡಿಯಾಕತ್ತೈತಿ. ಇನ್ನೂ ತಿಳೀತೈತಿ, ತಿಳೀತೈತಿ ಅಂತ ನನಗ ನಾನ ಮೋಸ ಮಾಡಿಕೊಂಡೆ.”

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರು ಎದ್ದು, ತಪ್ಪು ನನ್ನದು, ಕೂಲಿ ಇಲ್ಲದೆ ಮತ್ತೆ ಕಟ್ಟಿಕೊಡುತ್ತೇನೆ ಎಂದರು. ನನಗೆ ಹಗುರವಾಯಿತು. ಆ ಹಗುರವಾದದ್ದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆ ಬರುತ್ತದೆ. ಸುಟ್ಟ ಕ್ರ್ಯಾಂಕನ್ನು ಉಜ್ಜಿ ನುಣುಪು ಮಾಡಿಕೊಟ್ಟ ಲೇಥಿನ ಅಂಗಡಿಯವನು, ಇಂಥ ಗಾಡಿಯಲ್ಲಿ ಕಂಪ್ಯೂಟರಿಗೆ ಸ್ಕ್ಯಾನರ್ ಹಚ್ಚಿದರೆ ಎಷ್ಟು ಜೋರು ತಿರುಗಿತ್ತು ಎಂಬುದೂ ಸಿಗಬಹುದು ಎಂದ. ಈಗ ಅದೆಲ್ಲ ಯಾಕೆ ಬಿಡು ಎಂದವನು ನಾನು. ಮಿಸ್ತ್ರಿ ಅದನ್ನು ನನ್ನ ದೊಡ್ಡತನ ಎಂದು ತಿಳಿದುಕೊಂಡರು.

ಎರಡನೆಯ ಸಲ ಕಟ್ಟುವಾಗ ಬಾಗಿಲೊಳಗೆ ನನ್ನನ್ನೂ ಕರೆದರು. ಒಂದೊಂದನ್ನೂ ಮೂರು ಮೂರು ಸಲ ಅಳೆದರು. ಅಳತೆ ಸರಿ ಬಂದರೂ ನಂಬಿಕೆ ಬರಲಿಲ್ಲ. ತಮ್ಮ ಬೆರಳಿಟ್ಟು ತಿರುಗಿಸಿ ನೋಡಿದರು, ತಲೆಯಾಡಿಸಿದರು. ಕಡೆಗೆ ಧೋತರದ ತುಂಡನ್ನು ನನ್ನ ಕೈಗೆ ಕೊಟ್ಟರು. ನಾನು ಬೆರಳು ಒರೆಸಿಕೊಂಡೆ.

“ತಿರುಗಿಸ್ರಿ. ಮಜ್ಜಿಗ್ಯಾಗ ಕಡಗೋಲು ತಿರುಗಿದಂಗ ಇರಬೇಕು. ಎಲ್ಲೆರ ಹಿಡೀತೈತೇನು?”

“ಇಲ್ರಿ. ಹಗುರ ಐತಿ.”

“ಖರೇ ಹೇಳ್ರಿ ಸರ. ನನಗ ತಿಳಿಯಂಗಿಲ್ಲ, ನಿಮ್ಮ ಮಾತಿನ ಮ್ಯಾಲ ಮುಚ್ಚಾಕತ್ತೀನಿ.”

ಖರೆಯನ್ನೇ ಹೇಳಿದ್ದೆ, ಆ ಸಲ. ಮತ್ತೆ ಮತ್ತೆ ತಿರುಗಿಸಿದೆ. ಎಲ್ಲೂ ಹಿಡಿಯುತ್ತಿರಲಿಲ್ಲ. ಅವರು ಮುಚ್ಚಳ ಹಾಕಿ ಬೋಲ್ಟು ಬಿಗಿದರು. ಅದೇ ಅವರು ಕಟ್ಟಿದ ಕೊನೆಯ ಎಂಜಿನ್.

ಅದಾದ ಮೇಲೆ ಯಾರು ಬಂದರೂ ಎಣ್ಣೆ ಬದಲಿಸುವುದು, ಬೆಲ್ಟು ಹಾಕುವುದು, ಅಷ್ಟೇ. ಒಂದು ಸುಗ್ಗಿಯಲ್ಲಿ ಸಾಲಗುಂದದ ಒಬ್ಬರು ಕೊಯ್ಲಿನ ಮಶೀನಿನ ಎಂಜಿನ್ ಹೊತ್ತು ತಂದು, ನೀವೇ ಮಾಡಬೇಕೆಂದು ಶೆಡ್ಡಿನ ಮುಂದೆ ಅರ್ಧ ದಿನ ಕೂತರು. ನಾನೂ ಅಲ್ಲಿದ್ದೆ. ಮಿಸ್ತ್ರಿ ಮುಚ್ಚುಮರೆಯಿಲ್ಲದೆ, ಸರ್ ಅವರ ಎಂಜಿನ್ ಸುಟ್ಟುಬಿಟ್ಟೆ, ನನ್ನ ಕೈ ಕೆಟ್ಟಿದೆ, ಲಿಂಗಸುಗೂರಿಗೆ ಒಯ್ಯಿರಿ ಎಂದು ನನ್ನ ಕಡೆ ತೋರಿಸಿ ಹೇಳಿದರು. ಸಾಲಗುಂದದವರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಹೀಗೆ ಎಷ್ಟು ಜನರಿಗೆ ಹೇಳಿದರೋ. ಶೆಡ್ಡಿನ ಅಂಗಳದಲ್ಲಿ ತೊಳೆಯುವವರು ಯಾರೂ ಕಾಣದಾದರು. ಗಿರಣಿಯ ಹೊಟ್ಟು ಬಂದು ಒಳಗೆ ಬಿದ್ದರೂ ಗುಡಿಸುತ್ತಿರಲಿಲ್ಲ.

ಹೇಳಬೇಕೆಂದೇ ಎರಡು ಸಲ ಹೋದೆ. ಮೊದಲ ಸಲ ಬೇರೆ ಜನರಿದ್ದರು. ಎರಡನೆಯ ಸಲ ಒಬ್ಬರೇ ಇದ್ದರು, ಕಾಲಿನ ಹುಣ್ಣಿಗೆ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲಿ ಕೂತಿದ್ದರು. ಕಾರು ಆಫ್ ಮಾಡಬೇಡಿ ಎಂದು ಸನ್ನೆ ಮಾಡಿ, ಕುಂಟುತ್ತಾ ಬಂದು ಬಾನೆಟ್ಟಿಗೆ ಕಿವಿ ಕೊಟ್ಟು ನಿಂತರು. ಮುಖದಲ್ಲಿ ಹಳೆಯ ಬೆಳಕು ಬಂತು.

“ಭಾಳ ಚಲೋ ಕೂತೈತ್ರಿ,” ಎಂದರು. “ಇದು ನಂದಲ್ಲ. ನಿಮ್ಮ ಬೆರಳಿನ ಕೆಲಸ.”

ಇಷ್ಟು ಕೇಳಿದ ಮೇಲಾದರೂ ಮನುಷ್ಯನಾದವನು ಬಾಯಿ ಬಿಡಬೇಕು. ನಾನು ಊಟ ಆಯಿತೇ ಎಂದು ಕೇಳಿ ಬಂದೆ. ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡಿದ್ದೆ. ಕಾಲಿನ ಹುಣ್ಣು ಮೇಲಕ್ಕೇರಿತು. ರಾಯಚೂರಿನ ಆಸ್ಪತ್ರೆಗೆ ಒಯ್ದರು, ಒಂಬತ್ತನೆಯ ದಿನ ಹೆಣ ತಂದರು. ಪರೀಕ್ಷೆಯ ಕೆಲಸ ಎಂದು ನೆವ ಹೇಳಿ ನಾನು ಮಣ್ಣಿಗೂ ಹೋಗಲಿಲ್ಲ.

ಮಣ್ಣಾದ ಐದನೆಯ ದಿನ ಮಾತಾಡಿಸಲು ಮನೆಗೆ ಹೋದೆ. ಮಿಸ್ತ್ರಿಯ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ನೆರೆಮನೆಯಾಕೆ ಚಹಾ ತಂದಿಟ್ಟು ಹೋದಳು. ಅವಳು ಹೋದ ಮೇಲೆ ಮಿಸ್ತ್ರಿಯ ಹೆಂಡತಿ ತಾವಾಗಿಯೇ ಮಾತು ತೆಗೆದರು. ನಿಮ್ಮ ಗಾಡಿ ಕೆಟ್ಟ ದಿನದಿಂದ ಅವರು ಸರಿಯಾಗಿ ಉಣ್ಣಲಿಲ್ಲ, ಸುಮ್ಮನೆ ಕೂತಾಗಲೂ ಬೆರಳು ತಿಕ್ಕುತ್ತಿದ್ದರು ಎಂದರು.

“ನೀವು ಓದಿದವ್ರು ಅದೀರಿ. ಖರೇ ಹೇಳ್ರಿ. ಸಕ್ರಿ ಐತಿ ಅಂತ ಗೊತ್ತಾದಾಗ್ಲೇ ನಾ ಜಗ್ಗಿಕೊಂಡು ಹೋಗಿ ಸೂಜಿ ಚಾಲೂ ಮಾಡ್ಸಿದ್ರ, ಆ ಕೈ ಉಳೀತಿತ್ತೇನ್ರಿ? ನಾನ ಅವ್ರ ಕೈ ಕಳದೆ ಅನಸತೈತಿ.”

ನನ್ನ ಸುಳ್ಳು ಅಲ್ಲಿಯವರೆಗೂ ಬಂದು ಕೂತಿತ್ತು. ಆಗ ಹೇಳಿದೆ. ಬಿಳಿ ಗಾಡಿ, ಆರು ಸಾವಿರ, ಕೆಂಪು ದೀಪ, ಎಲ್ಲ ಹೇಳಿದೆ. ಅವರ ಕೈ ಯಾವ ತಪ್ಪೂ ಮಾಡಿರಲಿಲ್ಲ, ಮೊದಲು ಕಟ್ಟಿದ್ದೂ ಸರಿಯೇ ಇತ್ತು, ಕೆಡಿಸಿದವನು ನಾನು ಎಂದೆ. ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

“ಇದು ಅವ್ರಿಗೆ ಹೇಳೋ ಮಾತಾಗಿತ್ತಲ್ರಿ ಸರ,” ಎಂದರು. “ನನಗ ಹೇಳಿದ್ರ ನಾ ಏನು ಮಾಡ್ಲಿ?”

ಆಕೆ ಲೋಟವನ್ನು ನನ್ನ ಕಡೆ ಸರಿಸಿದರು.

“ಚಹಾ ಆರತೈತಿ, ಕುಡೀರಿ.”

ಕುಡಿದು ಎದ್ದು ಬಂದೆ. ಕಾರು ಅವರ ಬಾಗಿಲೆದುರಿಗೇ ನಿಂತಿತ್ತು. ಒಂದೇ ಸಲಕ್ಕೆ ಚಾಲೂ ಆಯಿತು. ಆ ಸದ್ದು ಒಳಗೆ ಕೂತವರಿಗೂ ಕೇಳಿಸಿರಬೇಕು.